ಚೊಗರಿನಲ್ಲೂ ಪಾಲಿಫಿನಾಲ್ ಇದೆ

ಗಿಡಮೂಲಿಕೆಗಳ ಸಾರದಲ್ಲಿರುವ ಪಾಲಿಫಿನಾಲ್ (ಗಿಡಗಳಲ್ಲಿ ಸಹಜವಾಗಿ ಇರುವ ಒಂದು ಬಗೆಯ ರಾಸಾಯನಿಕ) ಉರಿಯೂತ ತಗ್ಗಿಸಬಲ್ಲದು ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಚೆನ್ನಾಗಿದೆ. ಆದರೆ ಅದು ಜಾಸ್ತಿ ಇದ್ದಷ್ಟೂ ಒಳ್ಳೆಯದು ಎಂಬ ಮಾತು ಮಾತ್ರ ನನಗೆ ಒಪ್ಪಿಗೆಯಿಲ್ಲ.

ನಮ್ಮ ತೀರ್ಥಹಳ್ಳಿ ಕಡೆ ಅಡಿಕೆ ಬೇಯಿಸಿದಾಗ ಚೊಗರು ಎಂಬ ಕೆಂಪು ರಸ ಬರುತ್ತದಲ್ಲ, ಅದರ ಒಗರಿಗೆ ಕಾರಣ ಟ್ಯಾನಿನ್. ಅದೂ ಪಾಲಿಫಿನಾಲೇ. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲಿ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿತು. ತಂಬಾಕಿಲ್ಲದೆ ಬರೀ ಅಡಿಕೆ ಅಗಿದರೂ ಕೆಲವರಿಗೆ ಕೆನ್ನೆಯ ಒಳಭಾಗ ಬಿಗಿದು ಬಾಯಿ ತೆರೆಯಲು ಕಷ್ಟವಾಗುತ್ತದೆ. ಅಡಿಕೆ ಬೆಳೆಯುವ ಮನೆಯವಳಾಗಿ ಇದನ್ನು ಬರೆಯಲು ಬೇಸರವೇ. ಆದರೆ ನಿಜ ಅಲ್ವಾ?

ಮಲೆನಾಡಿನ ಮುರುಗಲು (ಕೋಕಂ) ಹಣ್ಣನ್ನು ನೀವು ಬಿಟ್ಟೇಬಿಟ್ಟಿದ್ದೀರಿ. ಅದರ ಸಿಪ್ಪೆಯ ಕೆಂಪು ಆಂಥೋಸಯಾನಿನ್ ಎಂಬ ಪಾಲಿಫಿನಾಲ್‌ನಿಂದ ಬಂದದ್ದು. ಅದರಲ್ಲಿರುವ ಗಾರ್ಸಿನಾಲ್ ಕೂಡ ಲ್ಯಾಬಿನ ಜೀವಕೋಶಗಳಲ್ಲಿ ಉರಿಯೂತ ಎಬ್ಬಿಸುವ ಎನ್ಎಫ್-ಕಪ್ಪಾಬಿ ಎಂಬ ಪ್ರೋಟೀನನ್ನು ತಡೆದಿದೆ. ಆದರೆ ಗಾಜಿನ ತಟ್ಟೆಯಲ್ಲಿ ಆದದ್ದು ಮನುಷ್ಯರ ಮೈಯಲ್ಲೂ ಆಗಬೇಕಲ್ಲ! ಅರಿಶಿನದಲ್ಲಿರುವ ಕರ್ಕ್ಯುಮಿನ್ ಎಂಬ ಪಾಲಿಫಿನಾಲನ್ನೇ ನೋಡಿ. ಕರುಳು ಹೀರುವುದೇ ಕಡಿಮೆ, ಹೀರಿದ್ದೂ ಬೇಗ ಹೊರಗೆ ಹೋಗುತ್ತದೆ. 1998ರ ಒಂದು ಅಧ್ಯಯನದಲ್ಲಿ 2 ಗ್ರಾಂ ಕರ್ಕ್ಯುಮಿನ್ ಜೊತೆ ಕಾಳುಮೆಣಸಿನ ಖಾರದ ಅಂಶವಾದ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ರಕ್ತಕ್ಕೆ ಸೇರುವ ಪ್ರಮಾಣ ಸುಮಾರು 20 ಪಟ್ಟು ಏರಿತ್ತು. ಈಗ ಎಷ್ಟೋ ಮಾತ್ರೆಗಳಲ್ಲಿ ಎರಡನ್ನೂ ಸೇರಿಸುತ್ತಾರೆ. ಅಂಥ ಮಾತ್ರೆ ತಿಂದ ಕೆಲವರ ಲಿವರ್‌ಗೆ ಪೆಟ್ಟಾದ ವರದಿಗಳೂ ಇವೆ. ಸಾರಿಗೆ ಹಾಕುವ ಚಿಟಿಕೆ ಅರಿಶಿನದ ಮಾತಲ್ಲ ಇದು.

ದಯವಿಟ್ಟು ಮುಂದಿನ ಕಂತಿನಲ್ಲಿ ಪ್ರಮಾಣದ ಬಗ್ಗೆ ಬರೆಯಿರಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಡಾಕ್ಟರನ್ನು ಕೇಳದೆ ಇಂಥ ಸಾರ ಸೇವಿಸಬಾರದು ಎಂಬುದನ್ನೂ ಸೇರಿಸಿ.