ಕಾಕಾ ಎತ್ತಿದ 1,200

ಕಾಕಾ ಪೋಕರ್ ಟೇಬಲ್ಲಿಗೆ ಕೂತು ಎರಡು ಗಂಟೆಯಾದರೂ ಒಂದೇ ಒಂದು ಕೈ ಆಡಿರಲಿಲ್ಲ. ಎಲೆ ಬಂದ ಕೂಡಲೇ ತುದಿ ಎತ್ತಿ ನೋಡುವುದು, ಡೀಲರ್ ಕಡೆಗೆ ತಳ್ಳುವುದು, ಚಹಾ ಗುಟುಕರಿಸುವುದು. ಅಷ್ಟೇ ಕೆಲಸ. ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದು ಬಂದವರು. ಬಿಳಿ ಅಂಗಿ, ಜೇಬಿನಲ್ಲಿ ಕನ್ನಡಕದ ಡಬ್ಬಿ.

ನಾವಿದ್ದದ್ದು ಪಣಜಿಯಲ್ಲಿ, ಮಾಂಡೋವಿ ನದಿಯ ಮೇಲೆ ನಿಂತ ಕ್ಯಾಸಿನೋ ಹಡಗಿನಲ್ಲಿ. ನಮ್ಮ ಮಹದಾಯಿಯೇ ಅಲ್ಲಿ ಮಾಂಡೋವಿ. ಆ ನೀರಿಗಾಗಿ ನಾವು ಇಷ್ಟು ವರ್ಷದಿಂದ ಜಗಳ ಆಡುತ್ತಿದ್ದೇವೆ. ದುಡ್ಡು ಮಾತ್ರ ಯಾವ ನ್ಯಾಯಮಂಡಳಿಯ ತಕರಾರೂ ಇಲ್ಲದೆ ಇಲ್ಲಿಂದ ಅಲ್ಲಿಗೆ ಸಲೀಸಾಗಿ ಹರಿಯುತ್ತದೆ.

ಮನೆಯ ಸೋಫಾದಲ್ಲಿ ಮಲಗಿ ಮೊಬೈಲಿನಲ್ಲಿ ಪೋಕರ್ ಆಡಿಕೊಂಡಿದ್ದವನು ನಾನು. 2025ರ ಆಗಸ್ಟಿನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರದ ಕಾನೂನು ಬಂತು. ಆ್ಯಪ್ ಮುಚ್ಚಿತು. ಕೈ ತುರಿಕೆ ಮುಚ್ಚಲಿಲ್ಲ. ಹಾಗಾಗಿ ಇಬ್ಬರು ಗೆಳೆಯರ ಜೊತೆ ರಾತ್ರಿ ಬಸ್ ಹತ್ತಿ, 100-200ರ ಟೇಬಲ್ಲಿನಲ್ಲಿ 20,000 ರೂಪಾಯಿ ಇಟ್ಟುಕೊಂಡು ಕೂತಿದ್ದೆ. (ಹೆಂಡತಿ ಇದನ್ನು ಓದುತ್ತಿದ್ದರೆ ಒಂದು ಸೊನ್ನೆ ಕಮ್ಮಿ ಓದಿಕೊಳ್ಳಲಿ.)

ಆಗ ಕಾಕಾ ಚಹಾದ ಕಪ್ಪು ಕೆಳಗಿಟ್ಟರು. "ಸಾವಿರದಾ ಇನ್ನೂರು" ಅಂದರು.

ಅವರು ಕೂತಿದ್ದ ಜಾಗ ನೋಡಿ. ಎಲೆ ಹಂಚುವ ಮೊದಲೇ ಸರದಿಯ ಮೇಲೆ ಇಬ್ಬರು 100, 200 ಇಡಲೇಬೇಕು; ಅವೇ ಬ್ಲೈಂಡುಗಳು. 200ರ ಬಿಗ್ ಬ್ಲೈಂಡಿನ ಪಕ್ಕದ್ದು, ಎಲ್ಲರಿಗಿಂತ ಮೊದಲು ಬಾಯಿ ಬಿಡಬೇಕಾದ ಕುರ್ಚಿ. ಇದಕ್ಕೆ ಅಂಡರ್ ದಿ ಗನ್ ಅಂತ ಹೆಸರು. ಅಲ್ಲಿಂದ ಪಣ ಮೇಲೆತ್ತಿದರೆ ಇನ್ನೂ ಎಂಟು ಜನ ಮಾತಾಡುವುದು ಬಾಕಿ ಇರುತ್ತದೆ. ಅವರಲ್ಲಿ ಯಾರ ಕೈಯಲ್ಲಿ ಏನಿದೆಯೋ ಗೊತ್ತಿಲ್ಲ. ಗೊತ್ತಿಲ್ಲದೆಯೂ ಎತ್ತಿದ್ದಾರೆ ಅಂದರೆ ಎಲೆ ಗಟ್ಟಿಯೇ ಇರಬೇಕು. ಮೊಬೈಲಿನಲ್ಲಾದರೆ ಜನ ಬಿಗ್ ಬ್ಲೈಂಡಿನ ಎರಡೂವರೆ ಪಟ್ಟು ಎತ್ತುತ್ತಿದ್ದರು. ಕಾಕಾ ಎತ್ತಿದ್ದು ಆರು ಪಟ್ಟು.

ನಮ್ಮ ಕಡೆ ಮದುವೆ ಮಾತುಕತೆಯಲ್ಲಿ ಒಬ್ಬ ದೊಡ್ಡಪ್ಪ ಇರುತ್ತಾರಲ್ಲ? ಬೆಳಗ್ಗೆಯಿಂದ ಕಂಬಕ್ಕೆ ಒರಗಿ ಎಲೆ ಅಡಿಕೆ ಹಾಕಿಕೊಂಡು ಸುಮ್ನೆ ಕೂತಿರುತ್ತಾರೆ. ಮಧ್ಯಾಹ್ನ ಊಟಕ್ಕೆ ಏಳುವ ಹೊತ್ತಿಗೆ "ನಂದೊಂದು ಮಾತು" ಅನ್ನುತ್ತಾರೆ. ಅಲ್ಲಿಗೆ ಆ ಸಂಬಂಧ ಮುರಿಯಿತು ಅಂತಲೇ ಲೆಕ್ಕ. ಕಾಕಾನ 1,200 ಅಂಥ ಮಾತು. ನನಗದು ಅರ್ಥವಾಗಿತ್ತು. ಅರ್ಥವಾಗಿತ್ತು ಅನ್ನುವುದೇ ಈಗಲೂ ಹೊಟ್ಟೆ ಉರಿಸುವ ಸಂಗತಿ.

ನನ್ನ ಕೈಯಲ್ಲಿ ಎಕ್ಕ, ರಾಣಿ. ಎರಡೂ ಇಸ್ಪೀಟು. ನೋಡಲು ಎಷ್ಟು ಚೆಂದ ಅಂದರೆ ಫ್ರೇಮು ಹಾಕಿಸಬೇಕು. ಲೆಕ್ಕವೂ ತಲೆಯಲ್ಲಿ ಸರಿಯಾಗಿಯೇ ಓಡಿತು. ಹತ್ತರ ಜೋಡಿಯಿಂದ ಮೇಲಿನ ಜೋಡಿಗಳು, ಇಲ್ಲವೇ ಎಕ್ಕ-ರಾಜ. ಇಷ್ಟರಲ್ಲೇ ಕಾಕಾ ಎತ್ತುವುದು. ನನ್ನ ಎರಡು ಎಲೆ ಕಳೆದರೆ ಎಕ್ಕದ ಜೋಡಿ 3 ಬಗೆಯಲ್ಲಿ ಬರಬಹುದು. ರಾಜನ ಜೋಡಿ 6, ರಾಣಿಯದು 3, ಎಕ್ಕ-ರಾಜ 12. ಒಟ್ಟು 24 ಬಗೆಯಲ್ಲಿ ನನ್ನ ಕಥೆ ಮುಗಿದಂತೆ. ಉಳಿದದ್ದು ಗುಲಾಮ ಮತ್ತು ಹತ್ತರ ಜೋಡಿಗಳ 12. ಅಲ್ಲೂ ನಾನು ಮುಂದಿಲ್ಲ, ಹೆಚ್ಚು ಕಮ್ಮಿ ಅರ್ಧಕ್ಕರ್ಧ. ಅಂದರೆ ಎಲೆ ಬಿಸಾಡಿ ಫೋಲ್ಡ್ ಮಾಡಬೇಕು. ಯೂಟ್ಯೂಬಿನಲ್ಲಿ ನೂರು ಸಲ ಕೇಳಿದ ಪಾಠವೂ ಇದೇ.

"ಕಾಲ್" ಅಂದೆ. ನಾನೂ ಅಷ್ಟೇ ಇಡುತ್ತೇನೆ ಅಂತ.

ಬಸ್ಸಿನಲ್ಲಿ ಹನ್ನೆರಡು ಗಂಟೆ ಬೆನ್ನು ಮುರಿದುಕೊಂಡು ಬಂದವನು ಎಕ್ಕ-ರಾಣಿ ಬಿಸಾಡಲು ಬಂದಿರುತ್ತಾನಾ? ಉಳಿದವರೆಲ್ಲ ಬಿಟ್ಟರು. ಅವರಿಗೆ ಬುದ್ಧಿ ಇತ್ತು. ಫ್ಲಾಪಿನಲ್ಲಿ, ಅಂದರೆ ಎಲ್ಲರಿಗೂ ಸೇರಿದ್ದು ಅಂತ ನಡುವೆ ಬಿಚ್ಚಿಡುವ ಮೊದಲ ಮೂರು ಎಲೆಗಳಲ್ಲಿ, ರಾಣಿ, ಏಳು, ಎರಡು. ನನ್ನ ಎದೆ ಡವಡವ. ಕಾಕಾ 2,000 ಇಟ್ಟರು, ನಾನೂ ಇಟ್ಟೆ. 5,000 ಇಟ್ಟರು, ನಾನೂ ಇಟ್ಟೆ. ಕೊನೆಗೆ ನನ್ನ ಮುಂದಿದ್ದ ಚಿಪ್ಪುಗಳ ಕಡೆ ಗಲ್ಲ ಎತ್ತಿ ತೋರಿಸಿ, "ಅಷ್ಟೂ" ಅಂದರು. ಉಳಿದಿದ್ದ 11,800ನ್ನೂ ತಳ್ಳಿದೆ. ಕಾಕಾ ಎರಡು ಎಕ್ಕ ತಿರುಗಿಸಿ, ತಣ್ಣಗಾಗಿದ್ದ ಚಹಾದ ಕಪ್ಪು ಮತ್ತೆ ಎತ್ತಿಕೊಂಡರು.

ಗೆಳೆಯನಿಂದ ಸಾಲ ತಂದು ಮತ್ತೆ ಕೂತೆ.

ಒಂದು ಗಂಟೆಯ ಮೇಲೆ ಅದೇ ಕುರ್ಚಿಯಿಂದ ಅದೇ ದನಿ. "ಸಾವಿರದಾ ಇನ್ನೂರು." ಈ ಸಲ ನನ್ನ ಕೈಯಲ್ಲಿ ಎರಡು ರಾಜ! ಬಿಡಬಾರದು, ಮೇಲೆತ್ತಬೇಕು. 5,000ಕ್ಕೆ ಎತ್ತೋಣ ಅಂತ ನಿರ್ಧರಿಸಿದೆ. ಕೈ ನಡುಗುವುದು ಕಾಣದಿರಲಿ ಅಂತ, ಸಿನಿಮಾದವರ ಹಾಗೆ ಮಾತಿಲ್ಲದೆ, 5,000ದ ಒಂದೇ ಚಿಪ್ಪನ್ನು ಎರಡು ಬೆರಳಲ್ಲಿ ಹಿಡಿದು ಎಸೆದೆ. ಅದು ಚಕ್ರದಂತೆ ಉರುಳಿ ಡೀಲರ್ ಕೈ ತಾಕಿ ಬಿತ್ತು. ಆತ ನಿರ್ವಿಕಾರವಾಗಿ "ಕಾಲ್" ಅಂತ ಘೋಷಿಸಿ, 3,800 ಚಿಲ್ಲರೆ ಎಣಿಸಿ ನನ್ನ ಕಡೆ ತಳ್ಳಿದ.

"ಇಲ್ಲ, ಇಲ್ಲ, ರೇಸು!"

ಕೇಳುವವರು ಯಾರು? ಬಾಯಿ ಬಿಡದೆ ಒಂದೇ ದೊಡ್ಡ ಚಿಪ್ಪು ಹಾಕಿದರೆ ಅದು ಕಾಲ್ ಮಾತ್ರ. ಮೇಲೆತ್ತುವುದಾದರೆ ಮೊದಲು ಬಾಯಲ್ಲಿ ಹೇಳಬೇಕು. ಇದು ಇಂಥ ಟೇಬಲ್ಲುಗಳ ಹಳೇ ನಿಯಮ. ಮೊಬೈಲಿನಲ್ಲಿ ಇದಕ್ಕೆಲ್ಲ ಒಂದು ಬಟನ್ ಇರುತ್ತದೆ, ಅಲ್ವಾ? ನನಗೆ ಹೇಗೆ ಗೊತ್ತಾಗಬೇಕು?

ಕಾಕಾ ಮೊದಲ ಸಲ ನನ್ನ ಕಡೆ ತಿರುಗಿದರು. "ತಮ್ಮಾ, ದೇವ್ರು ಬಾಯಿ ಕೊಟ್ಟಾನಲ್ಲ?"

ಅಷ್ಟರಲ್ಲಿ ಅಗ್ಗಕ್ಕೆ ಫ್ಲಾಪು ನೋಡಬಹುದು ಅಂತ ಹಿಂದಿನವರೆಲ್ಲ ನುಗ್ಗಿದರು. ಒಟ್ಟು ಆರು ಜನ. ಉಚಿತ ಪ್ರಸಾದದ ಸಾಲಿನ ಹಾಗೆ. ಫ್ಲಾಪು ಏಳು, ಆರು, ಆರು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡಿದ್ದ ಕೋರಮಂಗಲದ ಹುಡುಗನೊಬ್ಬ ಆರು-ಏಳು ಇಟ್ಟುಕೊಂಡು ಬಂದಿದ್ದ. ಮೂರು ಆರು, ಎರಡು ಏಳು; ನನ್ನ ರಾಜರ ಜೋಡಿಗಿಂತ ಎಷ್ಟೋ ದೊಡ್ಡದು. ನಾನು ಮೇಲೆತ್ತಿದ್ದರೆ ಅವನು ಆ ಎಲೆ ಹಿಡಿದು ಬರುತ್ತಲೇ ಇರಲಿಲ್ಲ. ನನ್ನ ರಾಜರಿಂದ ಅವನು ಎಷ್ಟು ವಸೂಲಿ ಮಾಡಿದ ಅನ್ನುವುದು ಬೇಡ. ಕಾಕಾ ಮಾತ್ರ ಫ್ಲಾಪಿನಲ್ಲೇ ಎರಡು ರಾಣಿ ತೋರಿಸಿ ಬಿಟ್ಟುಬಿಟ್ಟಿದ್ದರು. ನನ್ನ ರಾಜರಿಗೆ ಸಿಗಬೇಕಾಗಿದ್ದ ದುಡ್ಡು ಅದು.

ರಾತ್ರಿ ಎರಡರ ಹೊತ್ತಿಗೆ ನಾನು ಜಾಗ ಬದಲಿಸಿ ಕಾಕಾನ ಪಕ್ಕಕ್ಕೆ ಬಂದು, ಬಿಗ್ ಬ್ಲೈಂಡಿನಲ್ಲಿದ್ದೆ. ಅಂದರೆ ಕಾಕಾ ಮತ್ತೆ ಅದೇ ಕುರ್ಚಿಯಲ್ಲಿ. "ಸಾವಿರದಾ ಇನ್ನೂರು." ಎಲ್ಲರೂ ಬಿಟ್ಟರು. ಉಳಿದವನು ನಾನೊಬ್ಬ. ಎಲೆ ಎತ್ತಿ ನೋಡಿದರೆ ಎರಡು ರಾಣಿ.

ಯೋಚಿಸಿದೆ. ತುಂಬಾ ಹೊತ್ತು ಯೋಚಿಸಿದೆ. ಹೆಡ್‌ಫೋನ್ ಹುಡುಗ ಗಡಿಯಾರ ನೋಡಿದ. ಈ ಮನುಷ್ಯ ಐದು ಗಂಟೆಯಲ್ಲಿ ಎತ್ತಿದ್ದೇ ಮೂರು ಸಲ. ಮೊದಲು ಎಕ್ಕದ ಜೋಡಿ, ಆಮೇಲೆ ರಾಣಿಯ ಜೋಡಿ. ಈಗ ಇನ್ನೇನಿರಲು ಸಾಧ್ಯ? ಕಲಿತದ್ದನ್ನು ಒಂದು ಸಲವಾದರೂ ಪಾಲಿಸೋಣ ಅನಿಸಿತು. ನನ್ನ ದೊಡ್ಡತನ ಎಲ್ಲರಿಗೂ ಕಾಣಲಿ ಅಂತ ರಾಣಿಯರಿಬ್ಬರನ್ನೂ ಅಂಗಾತ ಮಲಗಿಸಿ, "ಫೋಲ್ಡ್, ಅಂಕಲ್. ನಿಮ್ಮ ಹತ್ತಿರ ಎಕ್ಕ ಇದೆ ಅಂತ ಗೊತ್ತು" ಅಂದೆ.

ಟೇಬಲ್ಲಿನಲ್ಲಿ ಒಂದಿಬ್ಬರು ತಲೆದೂಗಿದರು. ಆ ಕ್ಷಣ ಚೆನ್ನಾಗಿತ್ತು.

ಕಾಕಾ ಖುಷಿಯಾಗಿ ತಮ್ಮ ಎಲೆಗಳನ್ನೂ ತಿರುಗಿಸಿದರು. ಎಲ್ಲರೂ ಬಗ್ಗಿ ನೋಡಿದರು. ಯಾರೂ ಮಾತಾಡಲಿಲ್ಲ. ಕಾಕಾ ಹುಬ್ಬು ಗಂಟಿಕ್ಕಿ, ಜೇಬಿನ ಡಬ್ಬಿ ತೆಗೆದು, ಕನ್ನಡಕ ಏರಿಸಿ, ಮತ್ತೊಮ್ಮೆ ನೋಡಿದರು.

"ಅಯ್ಯ ಇದರ! ಒಂದss ಎಕ್ಕ ಐತಿ. ಇದು ನಾಕು."

ಇಂಗ್ಲಿಷಿನ ಎ ಅಕ್ಷರವೂ 4ರ ಅಂಕಿಯೂ ಎಲೆಯ ಮೂಲೆಯಲ್ಲಿ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಕನ್ನಡಕ ಇಲ್ಲದಿದ್ದರೆ ಅವಳಿಜವಳಿ. ಕಾಕಾ ಹೊಟ್ಟೆ ಕುಣಿಸಿಕೊಂಡು ನಕ್ಕರು. ನಕ್ಕು ಮುಗಿಸಿ ನನ್ನನ್ನೇ ಕೇಳಿದರು, "ರಾಣಿ ಯಾಕ ಬಿಟ್ಟಿ ತಮ್ಮಾ?"

ಡೀಲರ್ ಅಷ್ಟರಲ್ಲಿ ನನ್ನ ಎರಡೂ ರಾಣಿಯರನ್ನು ಎಳೆದುಕೊಂಡು ಉಳಿದ ಎಲೆಗಳ ಜೊತೆ ಕಲೆಸುತ್ತಿದ್ದ.