ಚಿತ್ರಕ್ಕೆ ಪೇಟೆಂಟ್ ಜಗಳ, ಅಕ್ಷರಕ್ಕೆ ಯಾವ ನೆಪ?

"ವಿಎಲ್‌ಸಿಯಲ್ಲಿ ಚೆನ್ನಾಗಿಯೇ ಓಡುತ್ತದೆ ಸಾರ್, ನಿಮ್ಮ ವೆಬ್‌ಸೈಟಿನಲ್ಲಿ ಮಾತ್ರ ಯಾಕೆ ಬರುವುದಿಲ್ಲ?"

ಬೆಂಗಳೂರಿನ ಹವ್ಯಾಸಿ ನಾಟಕ ತಂಡಗಳಿಗೆ ವಿಡಿಯೊ ಕೆಲಸ ಮಾಡಿಕೊಡುವವರಿಗೆಲ್ಲ ಈ ಪ್ರಶ್ನೆ ಬಾಯಿಪಾಠ. (ವಿಎಲ್‌ಸಿ ಎಂದರೆ ವಿಡಿಯೊ ಓಡಿಸುವ ಒಂದು ತಂತ್ರಾಂಶ.) ಹನುಮಂತನಗರದಲ್ಲೋ ಕಲಾಕ್ಷೇತ್ರದಲ್ಲೋ ಪ್ರದರ್ಶನವಾಗುತ್ತದೆ. ತಂಡದವರೇ ಯಾರಾದರೂ ಐಫೋನಿನಲ್ಲಿ ಚಿತ್ರೀಕರಿಸಿ, ಆ ಕಡತವನ್ನು ಇದ್ದಂತೆಯೇ ಜಾಲತಾಣಕ್ಕೆ ಏರಿಸುತ್ತಾರೆ. ಮರುದಿನ ಕೆಲವರಿಗೆ ನಾಟಕ ಕಾಣುತ್ತದೆ, ಕೆಲವರಿಗೆ ಸಂಭಾಷಣೆ ಮಾತ್ರ ಕೇಳಿಸುತ್ತದೆ, ಪರದೆ ಕಪ್ಪು. ಬೈಗುಳ ಜಾಲತಾಣ ಮಾಡಿದವನಿಗೆ. ಒಮ್ಮೆ ಉದ್ದವಾಗಿಯೇ ಬರೆದುಬಿಡುತ್ತೇನೆ, ಇನ್ನು ಮುಂದೆ ಕೇಳಿದವರಿಗೆ ಈ ಕೊಂಡಿ ಕಳಿಸಿದರಾಯಿತು.

ಎಂಪಿ4, ಎಂಕೆವಿ ಎನ್ನುವುದು ಡಬ್ಬಿಯ ಹೆಸರು, ಒಳಗಿನ ತಿಂಡಿಯದಲ್ಲ. (ಕಡತದ ಬಾಲವನ್ನು ಎಂಪಿ4 ಎಂದು ತಿದ್ದಿ "ಈಗ ಸರಿಮಾಡಿದ್ದೇನೆ" ಎಂದು ಕಳಿಸುವವರಿಗೆ ದೊಡ್ಡ ನಮಸ್ಕಾರ.) ಚಿತ್ರವನ್ನು ಯಾವ ಕೋಡೆಕ್‌ನಲ್ಲಿ ಹಿಂಡಿ ಇಟ್ಟಿದ್ದಾರೆ ಎಂಬುದು ಮುಖ್ಯ. ಕೋಡೆಕ್ ಎಂದರೆ ಚಿತ್ರವನ್ನು ಹಿಂಡಿ ಚಿಕ್ಕದು ಮಾಡುವ, ಮತ್ತೆ ಬಿಡಿಸಿ ತೋರಿಸುವ ವಿಧಾನ. 2003ರ ಎಚ್.264 ಎಂಬ ಕೋಡೆಕ್ ಇಂದು ಯಾವ ಬ್ರೌಸರಿನಲ್ಲಾದರೂ ಓಡುತ್ತದೆ ಎನ್ನಬಹುದು. ಅದರ ಉತ್ತರಾಧಿಕಾರಿಯಾಗಿ 2013ರಲ್ಲಿ ಬಂದದ್ದು ಎಚ್‌ಇವಿಸಿ. ಅಷ್ಟೇ ಗುಣಮಟ್ಟದ ಚಿತ್ರವನ್ನು ಹೆಚ್ಚುಕಡಿಮೆ ಅರ್ಧ ಜಾಗದಲ್ಲಿ ಕೂರಿಸುತ್ತದೆ. 2017ರಿಂದ ಐಫೋನುಗಳು ಕೇಳದೆಯೇ ಇದರಲ್ಲೇ ಚಿತ್ರೀಕರಿಸುತ್ತಿವೆ.

ತಾಂತ್ರಿಕವಾಗಿ ಎಚ್‌ಇವಿಸಿಯಲ್ಲಿ ಹುಳುಕಿಲ್ಲ. ಹುಳುಕಿರುವುದು ಪೇಟೆಂಟ್ ವಸೂಲಿಯಲ್ಲಿ. ಪೇಟೆಂಟ್ ಇರುವವರ ಪರವಾಗಿ ಹಣ ವಸೂಲು ಮಾಡುವ ಪರವಾನಗಿ ಕೂಟಗಳು ಒಂದಲ್ಲ, ಮೂರು ಹುಟ್ಟಿಕೊಂಡವು: ಎಂಪಿಇಜಿ ಎಲ್‌ಎ, ಎಚ್‌ಇವಿಸಿ ಅಡ್ವಾನ್ಸ್, ವೆಲೊಸ್ ಮೀಡಿಯಾ. ಇವುಗಳ ಆಚೆಗೂ ಪೇಟೆಂಟ್ ಹಿಡಿದು ಕುಳಿತವರಿದ್ದರು. ಒಬ್ಬರಿಗೆ ಕಪ್ಪ ಕಟ್ಟಿದ ಮೇಲೂ ಇನ್ನೊಬ್ಬರು ಬಾಗಿಲು ತಟ್ಟಬಹುದು. ಪುಕ್ಕಟೆಯಾಗಿ ಹಂಚುವ ಬ್ರೌಸರ್ ಪ್ರತಿ ಪ್ರತಿಗೂ ಹಣ ಎಲ್ಲಿಂದ ತಂದೀತು? ಆಪಲ್ ಸಫಾರಿಯಲ್ಲಿ 2017ರಲ್ಲೇ ಎಚ್‌ಇವಿಸಿಗೆ ಜಾಗ ಕೊಟ್ಟಿತು. ಕ್ರೋಮ್ ಒಪ್ಪಿದ್ದು 2022ರಲ್ಲಿ, ಅದೂ ಯಂತ್ರದ ಚಿಪ್ಪಿನಲ್ಲೇ ಅದನ್ನು ಬಿಡಿಸುವ ಶಕ್ತಿ ಇದ್ದರೆ ಮಾತ್ರ. ವಿಂಡೋಸ್‌ನ ಫೈರ್‌ಫಾಕ್ಸ್‌ಗೆ ಅದು ಬರುವಷ್ಟರಲ್ಲಿ 2025 ಆಗಿತ್ತು. ಹೀಗಾಗಿ ನಿಮ್ಮ ನಾಟಕ ಜಯನಗರದ ಒಂದು ಮನೆಯಲ್ಲಿ ಕಂಡು ಪಕ್ಕದ ಮನೆಯಲ್ಲಿ ಕಾಣದಿದ್ದರೆ ಆಶ್ಚರ್ಯವಿಲ್ಲ.

ವಿಎಲ್‌ಸಿ ಹೇಗೆ ಎಲ್ಲವನ್ನೂ ಓಡಿಸುತ್ತದೆ? ಅದರ ಬೇರು ಫ್ರಾನ್ಸಿನಲ್ಲಿದೆ. ತಂತ್ರಾಂಶಕ್ಕೆ ಪೇಟೆಂಟ್ ಎಂಬುದನ್ನು ತಮ್ಮ ಕಾನೂನು ಮಾನ್ಯ ಮಾಡುವುದಿಲ್ಲ ಎಂಬುದು ಅದನ್ನು ಮಾಡಿದವರ ನಿಲುವು. ಈ ಕಾಟವೇ ಬೇಡವೆಂದು ಗೂಗಲ್, ಮೊಜಿಲ್ಲಾ, ನೆಟ್‌ಫ್ಲಿಕ್ಸ್ ಮುಂತಾದವರು 2015ರಲ್ಲಿ ಒಕ್ಕೂಟ ಕಟ್ಟಿ, 2018ರಲ್ಲಿ ರಾಯಧನವಿಲ್ಲದ ಎವಿ1 ಕೋಡೆಕ್ ತಂದರು. ಒಳ್ಳೆಯದೇ. ಆದರೆ ನಮ್ಮ ನಾಟಕದವರಿಗೆ ನನ್ನ ಸಲಹೆ ಸರಳ: ಐಫೋನ್ ಕ್ಯಾಮೆರಾದ ಫಾರ್ಮ್ಯಾಟ್ ಆಯ್ಕೆಯಲ್ಲಿ 'ಮೋಸ್ಟ್ ಕಂಪ್ಯಾಟಿಬಲ್' ಒತ್ತಿ. ಎಚ್.264ರಲ್ಲಿ ಬರುತ್ತದೆ, ಎಲ್ಲರಿಗೂ ಕಾಣುತ್ತದೆ.

ಇಷ್ಟರಮಟ್ಟಿಗೆ ಬ್ರೌಸರ್ ಮಾಡುವವರ ಕಷ್ಟ ನನಗೆ ಅರ್ಥವಾಗುತ್ತದೆ. ನನ್ನ ಸಿಟ್ಟು ಇರುವುದು ಸಬ್‌ಟೈಟಲ್ ವಿಷಯದಲ್ಲಿ. ಅಲ್ಲಿ ಪೇಟೆಂಟಿನ ಜಗಳವಿಲ್ಲ, ಭಾರಿ ಚಿಪ್ಪು ಬೇಕಿಲ್ಲ. ಇರುವುದು ಬರೀ ಪಠ್ಯ. ಎರಡು ಗಂಟೆಯ ನಾಟಕದ ಸಂಭಾಷಣೆಯೆಲ್ಲ ಸೇರಿದರೂ ಒಂದು ಫೋಟೊಗಿಂತ ಹಗುರ. ಅದನ್ನೂ ನೆಟ್ಟಗೆ ತೋರಿಸಲು ಬಾರದೇ?

ಸಬ್‌ಟೈಟಲ್‌ಗೆ ಲೋಕವೆಲ್ಲ ಬಳಸುವುದು ಎಸ್‌ಆರ್‌ಟಿ ಕಡತ. ಬ್ರೌಸರಿಗೆ ಅದು ಆಗುವುದಿಲ್ಲ, ವೆಬ್‌ವಿಟಿಟಿ ಎಂಬ ಇನ್ನೊಂದು ಬಗೆಯ ಕಡತವೇ ಆಗಬೇಕು. ಸರಳ ಕಡತದಲ್ಲಿ ಎರಡಕ್ಕೂ ಇರುವ ವ್ಯತ್ಯಾಸ ನೋಡಿದರೆ ನಗು ಬರುತ್ತದೆ: ಮೊದಲ ಸಾಲಿನಲ್ಲಿ ವೆಬ್‌ವಿಟಿಟಿ ಎಂಬ ಗುರುತು, ಮತ್ತು ಸೆಕೆಂಡಿನ ಭಿನ್ನಾಂಶಕ್ಕೆ ಮುಂಚೆ ಅಲ್ಪವಿರಾಮದ ಬದಲು ಚುಕ್ಕಿ. ಇಷ್ಟನ್ನು ಬ್ರೌಸರೇ ಒಳಗೊಳಗೆ ತಿದ್ದಿಕೊಳ್ಳಬಹುದಿತ್ತು. ಇನ್ನು ಎಂಕೆವಿಯ ಒಳಗೇ ಸಬ್‌ಟೈಟಲ್ ಸೇರಿಸಿದ್ದರೆ ಕ್ರೋಮ್ ಅದನ್ನು ಕಂಡೂ ಕಾಣದಂತೆ ಮುಂದೆ ಹೋಗುತ್ತದೆ.

ನಮ್ಮ ಕಡೆಯ ತಪ್ಪೂ ಇದೆ. ವೆಬ್‌ವಿಟಿಟಿ ಕಡತ ಯುಟಿಎಫ್-8ರಲ್ಲೇ, ಅಂದರೆ ಯೂನಿಕೋಡ್ ಅಕ್ಷರಗಳನ್ನು ಉಳಿಸುವ ಕ್ರಮದಲ್ಲೇ, ಇರಬೇಕು. ತಂಡದ ಹಿರಿಯರು ಹಳೆಯ ನುಡಿ ಅಕ್ಷರವಿನ್ಯಾಸದಲ್ಲಿ ಟೈಪ್ ಮಾಡಿಸಿಟ್ಟ ನಾಟಕದ ಪ್ರತಿಯನ್ನು ಹಾಗೆಯೇ ಸುರಿದರೆ ಪರದೆಯ ಮೇಲೆ ಬರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಪರಿವರ್ತನೆಯಲ್ಲಿ ಅರ್ಕಾವತ್ತು ಸ್ಥಳ ಬದಲಿಸಿದೆಯೇ ಎಂದು ಕಣ್ಣಾಡಿಸಿ, ಆಮೇಲೆ ಬಳಸಿ.

ಅಷ್ಟೆಲ್ಲ ಮಾಡಿದ ಮೇಲೂ ಒತ್ತಕ್ಷರದ ಪಾಡು ನೋಡಿ. ಬ್ರೌಸರ್ ಪ್ರತಿ ಸಾಲಿನ ಹಿಂದೆಯೂ ಒಂದು ಕಪ್ಪು ಪಟ್ಟಿ ಎಳೆಯುತ್ತದೆ. ಎರಡು ಸಾಲಿನ ಸಂಭಾಷಣೆ ಬಂದಾಗ, ಕೆಲವು ಫಾಂಟುಗಳಲ್ಲಿ, ಕೆಳಸಾಲಿನ ಪಟ್ಟಿ ಮೇಲಿನ ಸಾಲಿನ ಬುಡವನ್ನು ನುಂಗುತ್ತದೆ. ಇಂಗ್ಲಿಷಿನಲ್ಲಿ ಹೆಚ್ಚೆಂದರೆ ಒಂದೆರಡು ಅಕ್ಷರದ ಬಾಲ ಹೋಗಬಹುದು, ಓದುವುದಕ್ಕೆ ತೊಂದರೆಯಿಲ್ಲ. ಕನ್ನಡದಲ್ಲಿ 'ಅಮ್ಮ' ಹೋಗಿ 'ಅಮ' ಆಗುತ್ತದೆ, 'ಅಕ್ಕ' ಹೋಗಿ 'ಅಕ'. ಸಾಲುಗಳ ಅಂತರವನ್ನು ಹಿಗ್ಗಿಸಲು ಪ್ರತಿ ಜಾಲತಾಣದವರೂ ತಾವೇ ಶೈಲಿ ಬರೆದುಕೊಳ್ಳಬೇಕು.

ಇದರಿಂದ ರೋಸಿಹೋಗಿ ಬಹಳ ತಂಡದವರು ಅಕ್ಷರಗಳನ್ನು ಚಿತ್ರದ ಮೇಲೆಯೇ ಅಚ್ಚೊತ್ತಿಬಿಡುತ್ತಾರೆ. ಅದು ನನಗೆ ಒಪ್ಪಿಗೆಯಿಲ್ಲ. ಅಚ್ಚೊತ್ತಿದ ಮೇಲೆ ತಪ್ಪು ತಿದ್ದಲಾಗದು, ದೊಡ್ಡದು ಮಾಡಲಾಗದು, ಹುಡುಕಲಾಗದು. ಕನ್ನಡ ನಾಟಕಕ್ಕೆ ಕನ್ನಡದ ಸಬ್‌ಟೈಟಲ್ ಯಾಕೆ ಎನ್ನುವವರು ಕಿವಿ ಮಂದವಾದ ತಮ್ಮ ಮನೆಯ ಹಿರಿಯರನ್ನು ಕೇಳಲಿ. ಇಲ್ಲವೇ ಕುಂದಾಪುರದ ಮಾತಿನ ನಾಟಕವನ್ನು ಬಸವನಗುಡಿಯಲ್ಲಿ ಕೂತು ನೋಡಲಿ. ಚಿತ್ರಮಂದಿರಗಳ ಸಿನಿಮಾಗಳಲ್ಲಿ ಕೇಳಿಸದವರಿಗೂ ಕಾಣದವರಿಗೂ ಅನುಕೂಲ ಮಾಡಿಕೊಡಬೇಕೆಂದು ಕೇಂದ್ರ ಸರ್ಕಾರ 2024ರಲ್ಲಿ ಮಾರ್ಗಸೂಚಿಯನ್ನೇ ಹೊರಡಿಸಿದೆ. ಅದು ರಂಗಭೂಮಿಗೆ ಅನ್ವಯಿಸುವುದಿಲ್ಲ ಎಂದು ನಾವು ಸುಮ್ಮನಿರಬೇಕಿಲ್ಲ.

ಈ ಊರಿನ ತುಂಬ ತಂತ್ರಾಂಶದವರೇ ಇದ್ದೀರಿ. ಕ್ರೋಮ್‌ಗೆ ಆಧಾರವಾದ ಕ್ರೋಮಿಯಂ, ಫೈರ್‌ಫಾಕ್ಸ್ ಎರಡರ ಮೂಲಸಂಕೇತವೂ ಬಹಿರಂಗವಾಗಿದೆ, ದೋಷ ವರದಿಯನ್ನು ಯಾರು ಬೇಕಾದರೂ ಸಲ್ಲಿಸಬಹುದು. ತಮಿಳು, ಹಿಂದಿಯವರು ಬರೆಯುತ್ತಾರೆಂದು ಕಾದರೆ ಅವರ ಲಿಪಿಯ ತೊಂದರೆ ಸರಿಹೋದೀತೇ ಹೊರತು ನಮ್ಮ ಒತ್ತಿನದಲ್ಲ. ವರದಿಗೆ ಬೇಕಾದದ್ದು ಇಷ್ಟೇ: ಪರದೆಯ ಚಿತ್ರ, ಫಾಂಟಿನ ಹೆಸರು, ಬ್ರೌಸರಿನ ಆವೃತ್ತಿ, ಎರಡು ಸಾಲಿನ ಒಂದು ಪುಟ್ಟ ವಿಟಿಟಿ ಕಡತ. ಕಡತ ನನ್ನಲ್ಲಿ ಸಿದ್ಧವಿದೆ, ಕೈಹಾಕುವವರು ಇನ್‌ಬಾಕ್ಸಿಗೆ ಬನ್ನಿ.