ಬಿಸಿಯೂಟದ ಬೇಳೆಯ ಲೆಕ್ಕ

ಶಾಲೆಯ ಊಟ ಆರೋಗ್ಯಕರವೇ ಎಂದು ಕೇಳಿದಾಗ ನಮ್ಮ ಕಲಬುರಗಿ ಜಿಲ್ಲೆಯ ಹಳ್ಳಿಗಳಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ, ಮಕ್ಕಳು ಹೊಟ್ಟೆ ತುಂಬಾ ಉಣ್ಣುತ್ತಾರೆ ಎಂಬುದು. 2002ರಲ್ಲಿ ಅಕ್ಷರ ದಾಸೋಹ, ಅಂದರೆ ರಾಜ್ಯದ ಶಾಲಾ ಬಿಸಿಯೂಟ ಯೋಜನೆ, ಮೊದಲು ಆರಂಭವಾದದ್ದು ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ. ಬರ ಮತ್ತು ಗುಳೆ ಕಂಡ ಈ ಸೀಮೆಯಲ್ಲಿ ಹೊಟ್ಟೆ ತುಂಬುವುದೇ ದೊಡ್ಡ ಮಾತಾಗಿತ್ತು. ಆದರೆ ಇಂದಿಗೂ ಅದೊಂದೇ ಅಳತೆಗೋಲನ್ನು ಹಿಡಿದು ಕೂರುವುದು ಮಕ್ಕಳಿಗೆ ಮಾಡುವ ಅನ್ಯಾಯವೆಂದು ನಾನು ಭಾವಿಸುತ್ತೇನೆ.

ನಿಯಮದ ಪ್ರಕಾರ ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ಕಾಯಿಪಲ್ಯ ಸಲ್ಲಬೇಕು. ಆ ಊಟದಿಂದ 450 ಕ್ಯಾಲೊರಿ ಮತ್ತು 12 ಗ್ರಾಂ ಪ್ರೋಟೀನ್ ದೊರೆಯಬೇಕು. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 8 ಗ್ರಾಂ, ಇಪ್ಪತ್ತು ಗ್ರಾಂ ತೊಗರಿಬೇಳೆಯಲ್ಲಿ 4 ಗ್ರಾಂಗಿಂತ ತುಸು ಹೆಚ್ಚು ಪ್ರೋಟೀನ್ ಇರುವುದರಿಂದ ಲೆಕ್ಕ ಕಷ್ಟಪಟ್ಟು ಹನ್ನೆರಡನ್ನು ಮುಟ್ಟುತ್ತದೆ, ಅಷ್ಟೆ. ನೂರು ಮಕ್ಕಳಿಗೆ ಎರಡು ಕಿಲೋ ಬೇಳೆ ಬೇಯಿಸಬೇಕಾದಲ್ಲಿ ಒಂದೇ ಕಿಲೋ ಬೇಯಿಸಿ ನೀರು ಬೆರೆಸಿದರೂ ಸಾಂಬಾರಿನ ಬಣ್ಣ ಬಹಳ ಬದಲಾಗುವುದಿಲ್ಲ, ಮಕ್ಕಳ ಹೊಟ್ಟೆಯೂ ಅನ್ನದಿಂದ ತುಂಬುತ್ತದೆ. ಆದರೆ ಪ್ರತಿ ತಟ್ಟೆಯಿಂದಲೂ ಎರಡು ಗ್ರಾಂ ಪ್ರೋಟೀನ್ ಸದ್ದಿಲ್ಲದೆ ಇಳಿದಿರುತ್ತದೆ. ಬಡಿಸುವ ಮೊದಲು ಶಿಕ್ಷಕರು ರುಚಿ ನೋಡುವ ಪದ್ಧತಿ ಅಗತ್ಯವೇ, ಆದರೆ ಈ ಕೊರತೆ ನಾಲಿಗೆಗೆ ತಿಳಿಯುವಂಥದ್ದಲ್ಲ. ಭೌಗೋಳಿಕ ಸೂಚ್ಯಂಕ ಪಡೆದ ತೊಗರಿಯ ನಾಡಿನಲ್ಲಿ ಮಕ್ಕಳ ಬ್ಯಾಳಿ ನೀರಾಗುವುದನ್ನು ನಾವು ಹೇಗೆ ಸಹಿಸುವುದು?

ಮೊಟ್ಟೆಯ ವಿಷಯದಲ್ಲಿ ನನಗೆ ಗೊಂದಲವಿಲ್ಲ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಅದನ್ನು ಕೊಡಲು ಆರಂಭಿಸಿದಾಗ ಎದ್ದ ವಿರೋಧವೆಲ್ಲ ನೆನಪಿದೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಉತ್ತಮ ಪ್ರೋಟೀನ್ ಇರುತ್ತದೆ, ಅದಕ್ಕೆ ನೀರು ಬೆರೆಸಲು ಬರುವುದಿಲ್ಲ. ಒಲ್ಲದವರಿಗೆ ಬಾಳೆಹಣ್ಣಿನ ಆಯ್ಕೆ ಇದ್ದೇ ಇದೆ, ಆದರೆ ಬಾಳೆಹಣ್ಣನ್ನು ಪ್ರೋಟೀನಿನ ದೃಷ್ಟಿಯಿಂದ ಮೊಟ್ಟೆಗೆ ಸಮವೆಂದು ಯಾರೂ ತಿಳಿಯಬಾರದು.

ಧಾನ್ಯದ ಬಗ್ಗೆಯೂ ಯೋಚಿಸಬೇಕು. ಮನೆಯಲ್ಲಿ ಜೋಳದ ರೊಟ್ಟಿ ಉಣ್ಣುವ ಮಗು ಶಾಲೆಯಲ್ಲಿ ಹೆಚ್ಚಾಗಿ ಬಿಳಿ ಅನ್ನವನ್ನೇ ಉಣ್ಣುತ್ತದೆ. ಜೋಳದಲ್ಲಿ ಅಕ್ಕಿಗಿಂತ ಪ್ರೋಟೀನ್ ಹೆಚ್ಚು, ನಾರಿನಂಶ ಮೂರು ಪಟ್ಟಿಗೂ ಮಿಗಿಲು. ಇನ್ನೂರು ಮಕ್ಕಳಿಗೆ ರೊಟ್ಟಿ ಬಡಿಯಿರೆಂದು ಕಡಿಮೆ ಗೌರವಧನದಲ್ಲಿ ದುಡಿಯುವ ಅಡುಗೆಯ ತಾಯಂದಿರಿಗೆ ಹೇಳುವುದು ನ್ಯಾಯವಲ್ಲ; ವಾರಕ್ಕೊಮ್ಮೆ ಜೋಳದ ನುಚ್ಚು, ಜೊತೆಗೆ ಪುಂಡಿಪಲ್ಯ ಖಂಡಿತ ಸಾಧ್ಯ.

ನಮ್ಮೂರಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರಲ್ಲಿ ನನ್ನ ವಿನಂತಿ ಇಷ್ಟೇ: ಆ ದಿನದ ಹಾಜರಾತಿಯ ಪಕ್ಕದಲ್ಲಿಯೇ ಪಾತ್ರೆಗೆ ಹಾಕಿದ ಬೇಳೆ ಮತ್ತು ಕಾಯಿಪಲ್ಯದ ತೂಕವನ್ನು ಶಾಲೆಯ ಹಲಗೆಯ ಮೇಲೆ ಬರೆಸಿರಿ, ಮತ್ತು ಆ ತೂಕ ಮಾಡುವಾಗ ಪ್ರತಿದಿನ ಇಬ್ಬರು ತಾಯಂದಿರು ಅಲ್ಲಿ ನಿಂತಿರುವಂತೆ ನೋಡಿಕೊಳ್ಳಿರಿ.